‘ಟ್ರಾಫಿಕ್’ ಎಂದರೆ ಸಂಚಾರವೇ? ಪುಟ್ಟ ವಿಮಾನದ ಪರದೆಯ ಮೇಲಿನ ಕೆಲವು ಪದಗಳು

ಎರಡು ಅಥವಾ ನಾಲ್ಕು ಆಸನಗಳ ಖಾಸಗಿ ವಿಮಾನಗಳಲ್ಲಿ, ಆಸುಪಾಸಿನಲ್ಲಿ ಹಾರುತ್ತಿರುವ ಇತರ ವಿಮಾನಗಳನ್ನು ಪೈಲಟ್‌ಗೆ ತೋರಿಸುವ ಎಲೆಕ್ಟ್ರಾನಿಕ್ ಸಾಧನಗಳ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಸಿದ್ಧಪಡಿಸುತ್ತಿದ್ದೇನೆ. ಮೊದಲ ಪುಟದಲ್ಲೇ ಮೂರು ಪದಗಳು ನನ್ನನ್ನು ತಡೆದು ನಿಲ್ಲಿಸಿವೆ: ಟ್ರಾಫಿಕ್, ಅವೇರ್ನೆಸ್, ಅಡ್ವೈಸರಿ. ಮೂರಕ್ಕೂ ನಿಘಂಟಿನಲ್ಲಿ ಉತ್ತರವಿದೆ. ಆದರೆ ಆ ಉತ್ತರಗಳನ್ನು ಒಟ್ಟಿಗೆ ಜೋಡಿಸಿದರೆ ‘ಸಂಚಾರ ಜಾಗೃತಿ ಸಲಹೆ’ ಎಂದಾಗುತ್ತದೆ, ಅದನ್ನು ಓದಿದವರಿಗೆ ಹೆಲ್ಮೆಟ್ ಧರಿಸಿರೆಂದು ಹೇಳುವ ಭಿತ್ತಿಪತ್ರ ನೆನಪಾಗುತ್ತದೆಯೇ ಹೊರತು ವಿಮಾನವಲ್ಲ.

ಮೊದಲು ಟ್ರಾಫಿಕ್. ‘ಸಂಚಾರ’ ಎಂಬುದು ಕ್ರಿಯೆಯ ಹೆಸರು; ಅದನ್ನು ಒಂದು, ಎರಡು ಎಂದು ಎಣಿಸಲಾಗದು. ‘ದಟ್ಟಣೆ’ಯಂತೂ ಗುಂಪಿನ ಗುಣ. ಪೈಲಟ್‌ಗಳ ಮಾತಿನಲ್ಲಾದರೋ, ಇಡೀ ಆಕಾಶದಲ್ಲಿ ತನ್ನದನ್ನು ಬಿಟ್ಟು ಒಂದೇ ಒಂದು ವಿಮಾನವಿದ್ದರೂ ಅದು ಟ್ರಾಫಿಕ್ಕೇ. ಸಾಧನವು ‘ಟ್ರಾಫಿಕ್, ಎರಡು ಗಂಟೆ, ಮೇಲೆ, ಎರಡು ಮೈಲಿ’ ಎಂಬ ಅರ್ಥದಲ್ಲಿ ನುಡಿದಾಗ ಅದು ಹೇಳುವುದು ನಿರ್ದಿಷ್ಟವಾದ ಒಂದು ವಿಮಾನದ ಬಗ್ಗೆ. (ಇಲ್ಲಿ ‘ಎರಡು ಗಂಟೆಗೆ’ ಎಂದು ಚತುರ್ಥಿ ಹಚ್ಚಿದರೆ ಮಧ್ಯಾಹ್ನದ ಊಟವಾದ ಮೇಲೆ ಬರುವ ವಿಮಾನವಾಗಿಬಿಡುತ್ತದೆ, ವಿಮಾನದ ಮೂತಿಯನ್ನು ಗಡಿಯಾರದ ಹನ್ನೆರಡು ಎಂದಿಟ್ಟುಕೊಂಡು ‘ಎರಡು ಗಂಟೆಯ ದಿಕ್ಕಿನಲ್ಲಿ’ ಎನ್ನದೆ ಗತ್ಯಂತರವಿಲ್ಲ.) ಕೆಲವು ಬರಹಗಳಲ್ಲಿ ಟಾರ್ಗೆಟ್, ಇಂಟ್ರೂಡರ್ ಎಂಬ ಪದಗಳೂ ಇದೇ ಅರ್ಥದಲ್ಲಿ ಬರುತ್ತವೆ. ಅವುಗಳನ್ನು ‘ಗುರಿ’, ‘ನುಸುಳುಕೋರ’ ಎಂದು ಕನ್ನಡಿಸಿದರೆ, ತನ್ನ ಪಾಡಿಗೆ ತಾನು ಹಾರುತ್ತಿರುವ ಪಾಪದ ವಿಮಾನ ಶತ್ರುವಿನಂತೆ ಕಾಣುತ್ತದೆ. ನನಗೆ ಹಿಡಿಸಿರುವ ಪದ ‘ನೆರೆವಿಮಾನ’. ನೆರೆಮನೆ, ನೆರೆಯೂರುಗಳ ಸಾಲಿನಲ್ಲಿ ಅದು ಸಲೀಸಾಗಿ ನಿಲ್ಲುತ್ತದೆ, ಎಣಿಕೆಗೆ ಸಿಗುತ್ತದೆ, ಯಾರ ಮೇಲೂ ತಪ್ಪು ಹೊರಿಸುವುದಿಲ್ಲ. ‘ನೆರೆ’ಗೆ ಪ್ರವಾಹ ಎಂಬ ಅರ್ಥವೂ ಇರುವುದರಿಂದ ನೆರೆಪೀಡಿತರಿಗೆ ಆಹಾರ ಎಸೆಯುವ ವಿಮಾನವೆಂದು ಯಾರಾದರೂ ಭಾವಿಸಿಯಾರೇ ಎಂಬುದೊಂದೇ ಅಳುಕು.

ಅಡ್ವೈಸರಿ ಇನ್ನೂ ತೊಡಕಿನದು, ಏಕೆಂದರೆ ಇಲ್ಲಿ ಪದ ತಪ್ಪಿದರೆ ಅರ್ಥವೂ ತಲೆಕೆಳಗಾಗುತ್ತದೆ. ದೊಡ್ಡ ವಿಮಾನಗಳಲ್ಲಿರುವ, ಆಕಾಶದಲ್ಲಿ ಡಿಕ್ಕಿ ತಪ್ಪಿಸುವ ಟಿಕಾಸ್-2 ವ್ಯವಸ್ಥೆ ಎರಡು ಬಗೆಯ ಅಡ್ವೈಸರಿಗಳನ್ನು ಕೊಡುತ್ತದೆ. ಟ್ರಾಫಿಕ್ ಅಡ್ವೈಸರಿ ಬಂದಾಗ ಪರದೆಯ ಮೇಲೆ ಹಳದಿ ವೃತ್ತ ಮೂಡುತ್ತದೆ, ‘ಟ್ರಾಫಿಕ್, ಟ್ರಾಫಿಕ್’ ಎಂಬ ದನಿ ಕೇಳುತ್ತದೆ. ಆಗ ಪೈಲಟ್ ಹೊರಗೆ ನೋಡಿ ಆ ವಿಮಾನವನ್ನು ಕಣ್ಣಿನಿಂದ ಹುಡುಕಬೇಕು, ಪರದೆಯೊಂದನ್ನೇ ನಂಬಿ ತಿರುಗಬಾರದು. ರೆಸಲ್ಯೂಷನ್ ಅಡ್ವೈಸರಿಯಲ್ಲಿ ಕೆಂಪು ಚೌಕ ಮೂಡಿ, ಏರು ಅಥವಾ ಇಳಿ ಎಂಬ ನಿರ್ದೇಶನ ಬರುತ್ತದೆ. ಅದನ್ನು ತಕ್ಷಣ ಪಾಲಿಸಬೇಕು. ಎರಡನ್ನೂ ‘ಸಲಹೆ’ ಎಂದರೆ, ಬೇಕಾದರೆ ಕೇಳಬಹುದು, ಬೇಡವಾದರೆ ಬಿಡಬಹುದು ಎಂಬ ಧ್ವನಿ ಎರಡಕ್ಕೂ ಅಂಟಿಕೊಳ್ಳುತ್ತದೆ. 2002ರ ಜುಲೈ 1ರ ರಾತ್ರಿ ಜರ್ಮನಿಯ ಊಬರ್ಲಿಂಗೆನ್ ಬಳಿ ಟುಪೊಲೆವ್-154 ಮತ್ತು ಬೋಯಿಂಗ್-757 ಡಿಕ್ಕಿಯಾಗಿ 71 ಜನ ಸತ್ತಾಗ, ಟುಪೊಲೆವ್‌ನ ಸಾಧನ ಏರು ಎಂದಿತ್ತು, ನೆಲದ ನಿಯಂತ್ರಕರು ಇಳಿ ಎಂದಿದ್ದರು. ಟುಪೊಲೆವ್ ಇಳಿಯಿತು, ತನ್ನ ಸಾಧನದ ಮಾತಿನಂತೆ ಬೋಯಿಂಗ್ ಕೂಡ ಇಳಿಯಿತು. ಆದ್ದರಿಂದ ಟ್ರಾಫಿಕ್ ಅಡ್ವೈಸರಿಯನ್ನು ‘ನೆರೆಸೂಚನೆ’, ರೆಸಲ್ಯೂಷನ್ ಅಡ್ವೈಸರಿಯನ್ನು ‘ಪಾರುನಿರ್ದೇಶ’ ಎಂದು ಬೇರ್ಪಡಿಸಿದ್ದೇನೆ. ಪುಟ್ಟ ವಿಮಾನಗಳ ಸಾಧನಗಳಲ್ಲಿ ಸಾಮಾನ್ಯವಾಗಿ ಮೊದಲನೆಯದು ಮಾತ್ರ ಇರುವುದರಿಂದ, ಅಲ್ಲಿ ‘ನಿರ್ದೇಶ’ ಎಂಬ ಪದ ನುಸುಳದಂತೆ ನೋಡಿಕೊಳ್ಳುವುದು ಹೆಚ್ಚು ಮುಖ್ಯ. ‘ಪಾರುನಿರ್ದೇಶ’ ನನ್ನ ಕಿವಿಗೇ ಅಷ್ಟು ಒಗ್ಗಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಇನ್ನು ಅವೇರ್ನೆಸ್. ‘ಅರಿವು’ ತಿಳಿವಳಿಕೆಯ ಕಡೆಗೆ, ‘ಎಚ್ಚರ’ ನಿದ್ದೆಯಿಲ್ಲದ ಸ್ಥಿತಿಯ ಕಡೆಗೆ, ‘ಎಚ್ಚರಿಕೆ’ ಅಪಾಯದ ಕಡೆಗೆ ವಾಲುತ್ತವೆ. ಸುತ್ತಲಿನದೆಲ್ಲ ಸದಾ ಮನಸ್ಸಿನ ಅಂಚಿನಲ್ಲಿರುವ ಸ್ಥಿತಿಗೆ ನಮ್ಮಲ್ಲಿ ‘ಪರಿವೆ’ ಎಂಬ ಸೊಗಸಾದ ಪದವಿದೆ. ಈ ಸ್ಥಿತಿ ಇರಬೇಕಾದದ್ದು ಪೈಲಟ್‌ನಲ್ಲಿ, ಸಾಧನದಲ್ಲಲ್ಲ ಎಂಬ ಭೇದವೂ ಅದರಿಂದ ಉಳಿಯುತ್ತದೆ. ಟ್ರಾನ್ಸ್‌ಪಾಂಡರ್ (ರೇಡಿಯೊ ಪ್ರಶ್ನೆಗೆ ತಾನಾಗಿ ಉತ್ತರಿಸುವ ಸಾಧನ) ಇಲ್ಲದ ಅಥವಾ ಅದನ್ನು ಆರಿಸಿಟ್ಟಿರುವ ವಿಮಾನ ಇಂಥ ಅನೇಕ ಪರದೆಗಳಲ್ಲಿ ಮೂಡುವುದೇ ಇಲ್ಲ; ಎಡಿಎಸ್-ಬಿ ವ್ಯವಸ್ಥೆಯಲ್ಲಿ ಕೂಡ ಪ್ರತಿ ವಿಮಾನ ಉಪಗ್ರಹದಿಂದ ತಾನು ತಿಳಿದುಕೊಂಡ ಸ್ಥಾನವನ್ನು ತಾನೇ ಸಾರಬೇಕು, ಸಾರದ ವಿಮಾನ ಪರದೆಯಲ್ಲಿ ಕಾಣದು. ಹಾಗಾಗಿ ಪರದೆ ಖಾಲಿಯಿದ್ದರೆ ಆಕಾಶ ಖಾಲಿಯಿದೆ ಎಂದರ್ಥವಲ್ಲ, ಸಾಧನ ಸೂಚಿಸಬಲ್ಲದು ಅಷ್ಟೆ. ‘ನೆರೆಪರಿವೆ ಸಾಧನ’ ಎನ್ನುವುದಕ್ಕಿಂತ ‘ನೆರೆಸೂಚಕ’ ಎನ್ನುವುದು ಹೆಚ್ಚು ಪ್ರಾಮಾಣಿಕವೆಂದು ನನಗೆ ತೋರುವುದು ಇದೇ ಕಾರಣಕ್ಕೆ.

ಆದರೆ ‘ಪರಿವೆ’ಯನ್ನು ನಾವು ಹೆಚ್ಚಾಗಿ ನಿಷೇಧದೊಡನೆಯೇ ಬಳಸುತ್ತೇವೆ: ಹೊತ್ತಿನ ಪರಿವೆಯಿಲ್ಲ, ಜನರ ಪರಿವೆಯೇ ಇಲ್ಲ. ‘ಪೈಲಟ್‌ಗೆ ನೆರೆವಿಮಾನಗಳ ಪರಿವೆ ಇರಬೇಕು’ ಎಂಬ ವಿಧ್ಯರ್ಥದ ವಾಕ್ಯ ನಿಮ್ಮ ಕಿವಿಗೆ ಸಹಜವಾಗಿ ಕೇಳುತ್ತದೆಯೇ? ಈ ಪದವನ್ನು ‘ಇದೆ’, ‘ಇರಲಿ’ಗಳೊಡನೆ ಬಳಸುವ ರೂಢಿ ಯಾವುದಾದರೂ ಪ್ರದೇಶದ ಮಾತಿನಲ್ಲಿದ್ದರೆ, ದಯವಿಟ್ಟು ಉದಾಹರಣೆಯ ವಾಕ್ಯದೊಡನೆ ತಿಳಿಸಿ. ‘ಪಾರುನಿರ್ದೇಶ’ಕ್ಕಿಂತ ಹಗುರವಾದ, ಆದರೆ ಸಲಹೆಯಷ್ಟು ಸಡಿಲವಲ್ಲದ ಪದವೊಂದು ಹೊಳೆದರೆ ಅದನ್ನೂ ಬರೆಯಿರಿ.