ಗುಂಡಿನ ಸದ್ದಿಗೆ ನಡುಗುವ ನಾಯಿ: ಸಹಾಯ ಬೇಕು

ವಿರಾಜಪೇಟೆ ಸಮೀಪದ ನಮ್ಮ ಕಾಫಿ ತೋಟದಲ್ಲಿ ಯಾರೋ ಬಿಟ್ಟುಹೋಗಿದ್ದ ಹೆಣ್ಣು ನಾಯಿಯೊಂದನ್ನು ಮನೆಗೆ ತಂದು ಸಾಕುತ್ತಿದ್ದೇವೆ. ಆನೆ ಓಡಿಸಲು ಪಕ್ಕದ ತೋಟದವರು ಪಟಾಕಿ ಸಿಡಿಸಿದರೆ ಸಾಕು, ಬಾಲವನ್ನು ಹೊಟ್ಟೆಗೆ ಒತ್ತಿಕೊಂಡು ಮಂಚದಡಿ ಸೇರುವ ಅದು ಬೆಳಗಾಗುವವರೆಗೂ ನೀರನ್ನೂ ಮುಟ್ಟುವುದಿಲ್ಲ. ನೋಡಿದರೆ ಕರುಳು ಚುರುಕ್ ಎನ್ನುತ್ತದೆ. ಒಳಕೋಣೆಯಲ್ಲಿ ಕಂಬಳಿ ಹಾಸಿ ಅಡಗಲು ಜಾಗ ಮಾಡಿಕೊಟ್ಟಿದ್ದೇವೆ. ಪಶುವೈದ್ಯರ ಸಲಹೆಯಂತೆ, ಮೊಬೈಲಿನಲ್ಲಿ ಪಟಾಕಿಯ ಸದ್ದನ್ನು ತೀರಾ ಸಣ್ಣದಾಗಿ ಕೇಳಿಸುತ್ತಾ ಬೇಯಿಸಿದ ಕೋಳಿಯ ಚೂರು ಕೊಡುತ್ತಿದ್ದು, ಅದಕ್ಕೆ ನಿಧಾನವಾಗಿ ಹೊಂದಿಕೊಳ್ಳುತ್ತಿದೆ. ಆದರೆ ನಿಜವಾದ ಸದ್ದು ಕೇಳಿದ ಮರುದಿನ ಮೊಬೈಲ್ ಕಂಡರೂ ಓಡುತ್ತದೆ.

ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿಯ ರಾತ್ರಿ ಭತ್ತದ ಕದಿರು ತೆಗೆಯುವಾಗ ಗುಂಡು ಹಾರಿಸುವುದು ನಮ್ಮ ಪದ್ಧತಿ. ಅದನ್ನು ನಿಲ್ಲಿಸಿ ಎನ್ನುವ ಮನಸ್ಸು ನಮಗಿಲ್ಲ. ಹಬ್ಬದವರೆಗೆ ಮೊಬೈಲಿನಲ್ಲಿ ಸದ್ದು ಕೇಳಿಸುವ ಈ ಅಭ್ಯಾಸವನ್ನು ಮುಂದುವರಿಸಬೇಕೇ, ಅಥವಾ ಸದ್ಯಕ್ಕೆ ನಿಲ್ಲಿಸಿ, ಆ ರಾತ್ರಿಗಾಗಿ ವೈದ್ಯರಲ್ಲಿ ಔಷಧ ಕೇಳುವುದು ಒಳ್ಳೆಯದೇ? ಇಂಥ ನಾಯಿಯನ್ನು ಸಾಕಿ ಅನುಭವವಿರುವವರು ದಯವಿಟ್ಟು ತಿಳಿಸಿ.