ಹರ್ನಿಯಾ ಮೆಶ್ ಮೇಲೆ ಲೇಪ ನಿಲ್ಲುತ್ತಿಲ್ಲ, ನಿಂತರೆ ಕೋಶ ಉಳಿಯುತ್ತಿಲ್ಲ

ಲ್ಯಾಬ್‌ಹುಳು:
ಪಿಎಚ್‌ಡಿ ಎರಡನೇ ವರ್ಷ. ಹರ್ನಿಯಾ ಆಪರೇಷನ್‌ನಲ್ಲಿ ಹೊಟ್ಟೆಗೋಡೆಗೆ ಆಸರೆಯಾಗಿ ಹಾಕುವ ಪಾಲಿಪ್ರೊಪಿಲೀನ್ (ಒಂದು ಬಗೆಯ ಪ್ಲಾಸ್ಟಿಕ್) ಬಲೆ, ಅಂದರೆ ಮೆಶ್‌ಗೆ ಸೋಂಕು ತಡೆಯಲು ಕೈಟೋಸಾನ್ (ಸೀಗಡಿ, ಏಡಿ ಚಿಪ್ಪಿನಿಂದ ತಯಾರಾಗುವ ಪಾಲಿಮರ್) ಮತ್ತು ಬೆಳ್ಳಿ ನ್ಯಾನೊಕಣಗಳ ಲೇಪ ಕೊಡುತ್ತಿದ್ದೇನೆ. ದ್ರಾವಣದಲ್ಲಿ ಅದ್ದುವುದು, ಒಣಗಿಸುವುದು, ಅಷ್ಟೇ. ಬ್ಯಾಕ್ಟೀರಿಯಾ ಬೆಳೆಸುವ ಅಗರ್ ಪ್ಲೇಟ್ ಮೇಲಿಟ್ಟಾಗ ಗಾಯಕ್ಕೆ ಸೋಂಕು ತರುವ ಸ್ಟ್ಯಾಫಿಲೋಕಾಕಸ್ ಆರಿಯಸ್ ಬ್ಯಾಕ್ಟೀರಿಯಾ ಹತ್ತಿರ ಸುಳಿಯಲಿಲ್ಲ, ಸುತ್ತ ದೊಡ್ಡ ಖಾಲಿ ವೃತ್ತ. ಫೋಟೊ ತೆಗೆದು ಗೈಡ್‌ಗೆ ಕಳಿಸಿ ಎರಡು ದಿನ ಹಿಗ್ಗಿದೆ.

ಆಮೇಲೆ ಅದೇ ಮೆಶ್ ಅನ್ನು 37 ಡಿಗ್ರಿ, ಅಂದರೆ ಮೈ ಬಿಸಿಯ, ಉಪ್ಪುನೀರಿನಂಥ ಬಫರ್‌ನಲ್ಲಿಟ್ಟೆ. ಮೂರನೇ ದಿನ ಲೇಪ ಹಾವಿನ ಪೊರೆಯ ಹಾಗೆ ಸುಲಿದು ತೇಲುತ್ತಿತ್ತು. ಇನ್ನೂ ಬೇಸರದ ವಿಷಯ, ಅಂಗಾಂಶ ಕಟ್ಟುವ ಫೈಬ್ರೊಬ್ಲಾಸ್ಟ್ ಕೋಶಗಳು ಸಾಯುತ್ತಿವೆ. ಬೆಳ್ಳಿ ಕಡಿಮೆ ಮಾಡಿದರೆ ಬ್ಯಾಕ್ಟೀರಿಯಾ ಉಳಿಯುತ್ತೆ, ಜಾಸ್ತಿ ಮಾಡಿದರೆ ಕೋಶ ಹೋಗುತ್ತೆ. ಎಲ್ಲಿ ಎಡವುತ್ತಿದ್ದೇನೆ?

ಹಳೇ ಪಾಲಿಮರ್:
ಪಾಲಿಪ್ರೊಪಿಲೀನ್‌ಗೂ ನೀರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಕೈಟೋಸಾನ್ ಹಿಡಿದುಕೊಳ್ಳಲು ಅದರ ಮೈಮೇಲೆ ಒಂದು ಗೂಟವೂ ಇಲ್ಲ. ಮೊದಲು ಆಕ್ಸಿಜನ್ ಪ್ಲಾಸ್ಮಾ (ವಿದ್ಯುತ್ತಿನಿಂದ ಚುರುಕಾದ ಆಮ್ಲಜನಕ ಅನಿಲ) ಕೊಡಿ, ಆಗ ಹಿಡಿತಕ್ಕೆ ಆಮ್ಲಜನಕದ ಗುಂಪುಗಳು ಹುಟ್ಟುತ್ತವೆ. ಕೊಟ್ಟ ದಿನವೇ ಲೇಪ ಹಾಕಿ. ನಾನೊಮ್ಮೆ ಡಬ್ಬಿಯಲ್ಲಿಟ್ಟು ಊರಿಗೆ ಹೋಗಿದ್ದೆ. ಬರುವಷ್ಟರಲ್ಲಿ ಮೇಲ್ಮೈ ಮತ್ತೆ ಹಳೇ ಚಾಳಿಗೆ ತಿರುಗಿತ್ತು.

ಕೈಟೋಸಾನ್ ಅನ್ನು ಅಸಿಟಿಕ್ ಆಮ್ಲದಲ್ಲಿ ಕರಗಿಸಿದ್ದೀರಿ ಅಲ್ವಾ? ಒಣಗಿದ ಮೇಲೆ ತೆಳು ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ತೊಳೆಯದಿದ್ದರೆ ಉಳಿದ ಆಮ್ಲದಿಂದ ಲೇಪ ನೀರು ಕುಡಿದು ಉಬ್ಬುತ್ತೆ.

ಆ ಖಾಲಿ ವೃತ್ತವನ್ನು ಜಾಸ್ತಿ ನಂಬಬೇಡಿ. ಬೆಳ್ಳಿ ಸೋರುತ್ತಿದೆ ಅಂತ ಅದು ಹೇಳುತ್ತಿದೆ. ನಿಮ್ಮ ಕೋಶಗಳನ್ನು ಕೊಲ್ಲುತ್ತಿರುವುದೂ ಬಹುಶಃ ಅದೇ ಸೋರಿಕೆ. ಮುಟ್ಟಿದ ಬ್ಯಾಕ್ಟೀರಿಯಾವನ್ನು ಮಾತ್ರ ಕೊಲ್ಲುವ ಒಳ್ಳೆಯ ಲೇಪಕ್ಕೆ ವೃತ್ತವೇ ಬರದೆ ಇರಬಹುದು.

ಹೊಲಿಗೆ ಡಾಕ್ಟರು:
ನಾನು ಆಪರೇಷನ್ ಮಾಡುವವನು, ಕೆಮಿಸ್ಟ್ರಿ ದೂರ. ಒಂದೇ ಪ್ರಶ್ನೆ: ಲೇಪ ಹಾಕಿದ ಮೆಶ್ ಅನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದ್ದೀರಾ? ರಂಧ್ರ ಮುಚ್ಚಿಲ್ಲ ತಾನೆ? ಬ್ಯಾಕ್ಟೀರಿಯಾ ಸುಮಾರು 1 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು). 10 ಮೈಕ್ರಾನ್‌ಗಿಂತ ಸಣ್ಣ ಸಂದಿಗೆ ಅದು ನುಗ್ಗುತ್ತೆ, ಬೆನ್ನಟ್ಟಿ ನುಂಗಲು ಬರುವ ರಕ್ಷಣಾ ಕೋಶ ಮ್ಯಾಕ್ರೊಫೇಜ್‌ಗೆ ಆಗುವುದಿಲ್ಲ. ರಂಧ್ರ 75 ಮೈಕ್ರಾನ್‌ಗಿಂತ ದೊಡ್ಡದಿದ್ದರೆ ರಕ್ತನಾಳ, ಅಂಗಾಂಶ ಎಲ್ಲ ಒಳಗೆ ಬೆಳೆಯುತ್ತವೆ.

ಮೂಳೆ ಶಸ್ತ್ರವೈದ್ಯ ಗ್ರಿಸ್ಟಿನಾ 1987ರಲ್ಲೇ ಇದನ್ನು ಮೇಲ್ಮೈಗಾಗಿ ನಡೆಯುವ ಓಟ ಅಂದರು. ಕೋಶ ಮೊದಲು ಮುಟ್ಟಿದರೆ ಬ್ಯಾಕ್ಟೀರಿಯಾಕ್ಕೆ ಜಾಗ ಸಿಗುವುದು ಕಷ್ಟ. ನಿಮ್ಮ ಬೆಳ್ಳಿ ಇಬ್ಬರನ್ನೂ ಓಟದಿಂದ ಹೊರಗೆ ಹಾಕುತ್ತಿದೆ. ಬಯೋಫಿಲ್ಮ್ (ಬ್ಯಾಕ್ಟೀರಿಯಾದ ಅಂಟುಪದರ) ಕಟ್ಟಿದ ಮೆಶ್ ಅನ್ನು ಅಂಗಾಂಶದಿಂದ ಬಿಡಿಸಿ ತೆಗೆದಿದ್ದೇನೆ. ಹಾಕಿದ್ದಕ್ಕಿಂತ ಎಷ್ಟೋ ಪಾಲು ಕಷ್ಟ, ಕೊನೆಗೆ ಹರ್ನಿಯಾ ಮತ್ತೆ ಬರುವ ಭಯ ಬೇರೆ.

ಲ್ಯಾಬ್‌ಹುಳು:
ಡಾಕ್ಟ್ರೇ, ಈಗಷ್ಟೇ ನೋಡಿ ಬಂದೆ. ನೂಲು ಕೂಡುವ ಮೂಲೆಗಳಲ್ಲೆಲ್ಲ ಜೇಡರ ಬಲೆಯ ಹಾಗೆ ಪರದೆ. ಇಷ್ಟು ದಿನ ಬರೀ ಪ್ಲೇಟ್ ನೋಡುತ್ತಿದ್ದೆ! ಸೋಡಿಯಂ ಹೈಡ್ರಾಕ್ಸೈಡ್ ತೊಳೆತವೂ ಮಾಡಿರಲಿಲ್ಲ.

ಹಳೇ ಪಾಲಿಮರ್:
ದ್ರಾವಣ ತೆಳು ಮಾಡಿ. ಅದ್ದಿ ತೆಗೆದ ತಕ್ಷಣ ಗಾಳಿ ಊದಿ. ಒಂದು ದಪ್ಪ ಪದರದ ಬದಲು ಮೂರು ತೆಳು ಪದರ. ಕ್ರಿಮಿಶುದ್ಧಿಗೆ ಎಥಿಲೀನ್ ಆಕ್ಸೈಡ್ ಇಟ್ಟುಕೊಳ್ಳಿ, ಗಾಮಾ ಕಿರಣ ಪಾಲಿಪ್ರೊಪಿಲೀನ್ ಅನ್ನೇ ಪೆಡಸು ಮಾಡುತ್ತೆ. ಶುದ್ಧಿಯಾದ ಮೇಲೂ ಲೇಪ ಕೆಲಸ ಮಾಡುತ್ತಾ ಅಂತ ಇನ್ನೊಮ್ಮೆ ನೋಡಿ.

ಲ್ಯಾಬ್‌ಹುಳು:
ಪ್ಲಾಸ್ಮಾ ಯಂತ್ರ ಮಂಗಳವಾರ ಸಿಗುತ್ತೆ. ಈ ಸಲ ಮೊದಲು ಮೈಕ್ರೋಸ್ಕೋಪ್, ಆಮೇಲೆ ಕೋಶ, ಕೊನೆಗೆ ಅಗರ್. ಗೈಡ್‌ಗೆ ಫೋಟೊ ಸದ್ಯಕ್ಕೆ ಇಲ್ಲ.