ಪಾಲಿಕೆ ಖಾತೇಲಿರೋ ದುಡ್ಡೆಲ್ಲಾ ಪಾಲಿಕೆದಾ? ಲೆಕ್ಕ ಶಾಖೆ ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ರಿಗೂ ನಮಸ್ಕಾರ. ಈ ಭಾನುವಾರ ನಮ್ ಜೊತೆ ಇರೋರು ಮಲ್ನಾಡಿನ ಪಟ್ಟಣ ಪಂಚಾಯ್ತಿ, ನಗರಸಭೆ, ಪಾಲಿಕೆ ಮೂರ್ ಕಡೆನೂ ಲೆಕ್ಕ ಶಾಖೇಲಿ ಕೆಲ್ಸ ಮಾಡಿ ರಿಟೈರಾಗಿ ಈಗ ಶಿವಮೊಗ್ಗದಲ್ಲಿರೋ ಮೇಡಂ. ಹೆಸ್ರು ಬೇಡ ಅಂದಿದಾರೆ. ಕೇಳೋರದ್ದೂ ಊರಷ್ಟೇ ಹಾಕ್ತೀವಿ. ಶುರು ಮಾಡಿ.

ಸಾಗರ: ಮೇಡಂ ನಂದು ಎಂ.ಕಾಂ. ಈ ವರ್ಷ ಮುಗೀತು. ಹೊರದೇಶದಲ್ಲಿ ಸಿಟಿ ಗವರ್ನಮೆಂಟಲ್ಲಿ ಫೈನಾನ್ಶಿಯಲ್ ಅನಲಿಸ್ಟ್ ಅಂತಾನೇ ಪೋಸ್ಟ್ ಇರತ್ತಂತೆ. ನಮ್ ಕಡೆ ಪಾಲಿಕೇಲಿ ಅಂಥದ್ದು ಇದ್ಯಾ, ಇದ್ರೆ ದಿನಾ ಎಂತ ಕೆಲ್ಸ?

ಮೇಡಂ: ಆ ಹೆಸರಿನ ಬೋರ್ಡು ನಮ್ಮಲ್ಲಿ ಸಿಗಲ್ಲಮ್ಮ. ಮುಖ್ಯ ಲೆಕ್ಕಾಧಿಕಾರಿ, ಲೆಕ್ಕಾಧೀಕ್ಷಕರು, ಲೆಕ್ಕಿಗರು, ಎಫ್‌ಡಿಎ, ಎಸ್‌ಡಿಎ ಅಂದ್ರೆ ಪ್ರಥಮ, ದ್ವಿತೀಯ ದರ್ಜೆ ಸಹಾಯಕರು ಹಿಂಗಿರತ್ತೆ, ಜೊತೆಗೆ ಕಾಂಟ್ರಾಕ್ಟ್ ಮೇಲೆ ಅಕೌಂಟ್ಸ್ ಕನ್ಸಲ್ಟೆಂಟ್ ಅಂತ ತಗೋತಾರೆ. ಆದ್ರೆ ಕೆಲ್ಸ ಇದೆ, ಯಾರಾದ್ರೂ ಒಬ್ರು ಅದನ್ನ ಮಾಡ್ಲೇಬೇಕು, ಯಾರೂ ಮಾಡಿಲ್ಲ ಅಂದ್ರೆ ಊರಿಗೆ ಅದು ತಟ್ಟತ್ತೆ. ಬೆಳಿಗ್ಗೆ ಹೋದ ತಕ್ಷಣ ವೋಚರ್ ಚೆಕ್ ಮಾಡೋದು, ಕ್ಯಾಶ್‌ಬುಕ್ಕಿಗೂ ಬ್ಯಾಂಕ್ ಸ್ಟೇಟ್‌ಮೆಂಟಿಗೂ ತಾಳೆ ನೋಡೋದು, ಬಿಲ್ಲಲ್ಲಿ ಕಟಾವು ಸರಿ ಇದ್ಯಾ ನೋಡೋದು, ಅನುದಾನ ಖರ್ಚಾದ್ದಕ್ಕೆ ಯುಸಿ ಅಂದ್ರೆ ಬಳಕೆ ಪ್ರಮಾಣಪತ್ರ ಕಳ್ಸೋದು, ಇವೆಲ್ಲ ದಿನದ ಕೆಲ್ಸ, ಆರು ತಿಂಗಳಲ್ಲಿ ಕಲೀತೀಯ. ಕಲಿಯೋಕೆ ವರ್ಷಗಳೇ ಬೇಕಾಗೋದು ಒಂದಿದೆ. ಆಯುಕ್ತರು ಕರ್ದು "ನಮ್ ಹತ್ರ ಈಗ ಎಷ್ಟು ದುಡ್ಡಿದೆ ಮೇಡಂ" ಅಂತ ಕೇಳ್ದಾಗ ಅದಕ್ಕೆ ಸರಿಯಾದ ಒಂದು ನಂಬರ್ ಕೊಡೋದು.

ಭದ್ರಾವತಿ: ಅದ್ರಲ್ಲೇನ್ ಕಷ್ಟ ಮೇಡಂ, ಬ್ಯಾಂಕ್ ಬ್ಯಾಲೆನ್ಸ್ ನೋಡಿ ಹೇಳೋದಲ್ವಾ

ಮೇಡಂ: ಅಲ್ಲೇ ಎಲ್ಲರೂ ಎಡವೋದು. ಒಂದು ಪಾಲಿಕೆಗೆ ಒಂದೇ ಖಾತೆ ಇರಲ್ಲ, ಎಸ್‌ಎಫ್‌ಸಿ ಅಂದ್ರೆ ರಾಜ್ಯ ಹಣಕಾಸು ಆಯೋಗದ ಅನುದಾನದಲ್ಲಿ ವೇತನಕ್ಕೊಂದು, ಎಸ್‌ಎಫ್‌ಸಿ ವಿದ್ಯುತ್ತಿಗೊಂದು, ಇಂಥದ್ದಕ್ಕೇ ಅಂತ ಕಟ್ಟು ಇಲ್ದಿರೋ ಮುಕ್ತನಿಧಿಗೊಂದು, ಕೇಂದ್ರ ಹಣಕಾಸು ಆಯೋಗದ್ದೊಂದು, ಸ್ವಂತ ಆದಾಯದ್ದೊಂದು ಹಿಂಗೆ ಸಾಲಾಗಿರತ್ತೆ. ಎಲ್ಲಾ ಕೂಡ್ಸಿದ್ರೆ ದೊಡ್ಡ ಮೊತ್ತ ಕಾಣ್ಸತ್ತೆ, ಅದ್ರಲ್ಲಿ ಹೆಚ್ಚಿನದ್ದು ಬೇರೆಯವ್ರದ್ದು ಅಥವಾ ಆಗ್ಲೇ ಹೆಸ್ರು ಬರ್ದಿಟ್ಟಿರೋದು.

ಉದಾಹರಣೆಗೆ 15ನೇ ಹಣಕಾಸು ಆಯೋಗ, 2021-22ರಿಂದ 2025-26ರವರೆಗಿನದ್ದು. ಆ ಅವಧೀಲಿ ನಮ್ಮಂಥ ಊರುಗಳಿಗೆ ಅಂತ ಇಟ್ಟ ದುಡ್ಡಲ್ಲಿ ಶೇ. 60 ನಿರ್ಬಂಧಿತ, ಕುಡಿಯೋ ನೀರು, ನೈರ್ಮಲ್ಯ, ಘನತ್ಯಾಜ್ಯ ಅಂತಲೇ ಖರ್ಚು ಮಾಡ್ಬೇಕಿತ್ತು, ರಸ್ತೆಗೆ ಹಾಕಂಗಿರ್ಲಿಲ್ಲ. ಇನ್ನು ಸ್ವಂತ ಆದಾಯ ಅಂದ್ಕೊಂಡಿದ್ರಲ್ಲೂ ಶೇ. 24.10 ಪರಿಶಿಷ್ಟ ಜಾತಿ, ಪಂಗಡದವ್ರಿಗೆ, ಶೇ. 7.25 ಇತರೆ ಬಡವರಿಗೆ, ಶೇ. 5 ವಿಕಲಚೇತನರಿಗೆ ಅಂತ ತೆಗ್ದಿಡ್ಬೇಕು. ಅದು ಅವ್ರ ಹಕ್ಕು. ವರ್ಷದ ಕೊನೇಲಿ ಉಳಿದ್ರೆ ಕೊಡೋಣ ಅನ್ನೋ ಬಾಬತ್ತು ಅಲ್ಲ, ಮೊದ್ಲೇ ಪಕ್ಕಕ್ಕಿಡಬೇಕು, ಇದ್ರ ಬಗ್ಗೆ ನಾನು ಸರ್ವಿಸ್ ಪೂರ್ತಿ ಜಗಳ ಆಡಿದೀನಿ.

ಇಷ್ಟಾದ್ಮೇಲೆ ಕಂಟ್ರಾಕ್ಟರುಗಳ ಠೇವಣಿ. ಇಎಂಡಿ ಅಂದ್ರೆ ಟೆಂಡರ್ ಹಾಕುವಾಗ ಇಡೋ ಠೇವಣಿ ಇರ್ಲಿ, ಬಿಲ್ಲಲ್ಲಿ ಹಿಡ್ಕೊಂಡ ಭದ್ರತಾ ಠೇವಣಿ ಇರ್ಲಿ ಅದು ವಾಪಸ್ ಕೊಡೋ ದುಡ್ಡು. ನಾನು ಹೊಸದ್ರಲ್ಲಿದ್ದ ಒಂದು ಸಣ್ಣ ಊರಿನ ಆಫೀಸಲ್ಲಿ, ಊರು ಹೇಳಲ್ಲ, ಖಾತೇಲಿ ದುಡ್ಡಿದೆ ಅಂತ ಸಭೇಲಿ ಕಾಂಕ್ರೀಟ್ ರಸ್ತೆಗಳಿಗೆ ಒಪ್ಗೆ ಕೊಟ್ರು, ಕೆಲ್ಸನೂ ಆಯ್ತು, ಬಿಲ್ಲೂ ಆಯ್ತು, ಆಮೇಲೆ ಠೇವಣಿ ಕೇಳೋಕೆ ಬಂದವ್ರಿಗೆ ಕೊಡೋಕೆ ಒಂದು ರೂಪಾಯಿ ಇರ್ಲಿಲ್ಲ. ಚರಂಡಿ ಕೆಲ್ಸ ಮಾಡಿದ್ದ ಒಬ್ಬ ಸಣ್ಣ ಕಂಟ್ರಾಕ್ಟರು 14 ತಿಂಗಳು ನಮ್ ಕೌಂಟರಿಗೆ ಬಂದು ಬಂದು ಹೋಗ್ತಿದ್ರು. ಸಿಟ್ಟು ಮಾಡ್ತಿರ್ಲಿಲ್ಲ, ಬೆಂಚ್ ಮೇಲೆ ಕೂತು ಕಾದು ಹೋಗೋರು. ಅವತ್ತಿಂದ ನಾನು ಎಲ್ಲಿ ಹೋದ್ರೂ ಮೊದ್ಲು ಮಾಡಿದ್ದು ಒಂದೇ ಹಾಳೆ: ಒಟ್ಟು ಶಿಲ್ಕು ಅಂದ್ರೆ ಖಾತೆಗಳಲ್ಲಿ ಉಳಿದಿರೋ ದುಡ್ಡು, ಅದ್ರಲ್ಲಿ ಠೇವಣಿ ಕಳಿ, ನಿರ್ಬಂಧಿತ ಅನುದಾನ ಕಳಿ, ಮೀಸಲು ಕಳಿ, ಕೊಟ್ಟಿರೋ ವರ್ಕ್ ಆರ್ಡರ್‌ಗಳ ಬಾಕಿ ಕಳಿ. ಕೆಳಗೆ ಉಳಿಯೋದು ನಿಜವಾಗ್ಲೂ ನಮ್ದು. ಬಹಳ ಸಲ ಅದು ಮೈನಸ್ಸಲ್ಲಿರತ್ತೆ.

ಶಿವಮೊಗ್ಗ, ಗೋಪಾಳ: ನಾವು ಏಪ್ರಿಲ್‌ನಲ್ಲೇ ಕಂದಾಯ ಕಟ್ತೀವಿ ಮೇಡಂ, ಆ ದುಡ್ಡಾದ್ರೂ ಪೂರ್ತಿ ಪಾಲಿಕೆಗೆ ಅಲ್ವಾ?

ಮೇಡಂ: ಏಪ್ರಿಲ್‌ನಲ್ಲಿ ಕಟ್ಟಿ ಶೇ. 5 ರಿಯಾಯ್ತಿ ತಗೊಳ್ಳೋ ನಿಮ್ಮಂಥೋರಿಂದಲೇ ಪಾಲಿಕೆ ಉಸಿರಾಡತ್ತೆ, ನಿಜವಾಗ್ಲೂ ಹೇಳ್ತಿದೀನಿ. ರಸೀದಿ ತೆಗ್ದು ನೋಡಿ, ತೆರಿಗೆ ಮೇಲೆ ಸೆಸ್ಸುಗಳು ಅಂತ ಇರತ್ತೆ. ಗ್ರಂಥಾಲಯ ಸೆಸ್ ಶೇ. 6, ಭಿಕ್ಷುಕರ ಸೆಸ್ ಶೇ. 3. ಇವನ್ನ ಪಾಲಿಕೆ ವಸೂಲಿ ಮಾಡಿ ಆಯಾ ಇಲಾಖೆಗೆ ಕಟ್ಬೇಕು, ವಸೂಲಿ ಖರ್ಚಿಗೆ ಅಂತ ಸ್ವಲ್ಪ ಇಟ್ಕೋಬಹುದು ಅಷ್ಟೆ. ಸುಮಾರು ಕಡೆ ಅದನ್ನ ಸಂಬಳಕ್ಕೋ ಡೀಸೆಲ್ಲಿಗೋ ಬಳಸ್ಬಿಟ್ಟು ಆಡಿಟ್ ಆಕ್ಷೇಪಣೆ ಬಂದಾಗ ಒದ್ದಾಡ್ತಾರೆ. ನೀವು ಗ್ರಂಥಾಲಯಕ್ಕೆ ಅಂತ ಕೊಟ್ಟ ದುಡ್ಡು ಪುಸ್ತಕ ಆಗ್ಬೇಕು ಅಲ್ದಾ.

ತೀರ್ಥಹಳ್ಳಿ: ನಮ್ಮಪ್ಪ ಸಣ್ಣ ಕಂಟ್ರಾಕ್ಟರು. ಫೆಬ್ರವರೀಲಿ ಕೆಲ್ಸ ಮುಗ್ಸಿ ಬಿಲ್ ಹಾಕಿದ್ದು ಇನ್ನೂ ಬಂದಿಲ್ಲ. ಬಂದಾಗ್ಲೂ ಏನೇನೋ ಕಟ್ ಆಗಿ ಬರತ್ತೆ. ಎಂತಕ್ಕೆ ಹಿಂಗೆ ಮಾರಾಯ್ರೆ?

ಮೇಡಂ: ಕಟಾವು ಹೇಳ್ತೀನಿ ಮೊದ್ಲು. ಆದಾಯ ತೆರಿಗೆ ಟಿಡಿಎಸ್, ಅಂದ್ರೆ ದುಡ್ಡು ಕೊಡೋವಾಗ್ಲೇ ಹಿಡಿಯೋ ತೆರಿಗೆ, ಒಬ್ಬರೇ ಮಾಲೀಕರಾದ್ರೆ ಶೇ. 1, ಕಂಪ್ನಿ ಪಾರ್ಟ್ನರ್‌ಶಿಪ್ ಆದ್ರೆ ಶೇ. 2. ಗುತ್ತಿಗೆ 2.5 ಲಕ್ಷ ದಾಟಿದ್ರೆ ಜಿಎಸ್‌ಟಿ ಟಿಡಿಎಸ್ ಶೇ. 2. ಕಟ್ಟಡ ಕಾರ್ಮಿಕರ ಕಲ್ಯಾಣ ಸೆಸ್ ಶೇ. 1. ಮರಳು ಜಲ್ಲಿಗೆ ರಾಜಧನ ಕಟ್ಟಿದ ರಸೀದಿ ಇಲ್ದಿದ್ರೆ ಅದೂ. ಜೊತೆಗೆ ಭದ್ರತಾ ಠೇವಣಿ. ಟಿಡಿಎಸ್ ಎರಡೂ ಅಪ್ಪನ ಹೆಸರಲ್ಲಿ ಜಮಾ ಆಗಿದ್ಯಾ ಆನ್‌ಲೈನಲ್ಲಿ ನೋಡ್ಕೊಳ್ಳಿ, ರಿಟರ್ನ್ಸ್ ಹಾಕಿ ವಾಪಸ್ ಅಥವಾ ಹೊಂದಾಣಿಕೆ ತಗೋಬಹುದು, ಎಷ್ಟೋ ಜನ ಬಿಟ್ಟೇಬಿಡ್ತಾರೆ.

ಲೇಟ್ ಆಗೋದು ಮಲ್ನಾಡಲ್ಲಿ ಮಳೆ ಲೆಕ್ಕ. ಜೂನ್ ಅರ್ಧದಿಂದ ಸೆಪ್ಟೆಂಬರ್‌ವರೆಗೂ ನೆಲ ಅಗೆಯೋಕಾಗಲ್ಲ. ಟೆಂಡರ್ ಗಿಂಡರ್ ಮುಗ್ದು ಕೆಲ್ಸ ಹಿಡಿಯೋದು ನವೆಂಬರ್ ಡಿಸೆಂಬರ್, ಬಿಲ್ಲೆಲ್ಲಾ ಒಟ್ಟಿಗೆ ಬಂದು ಬೀಳೋದು ಫೆಬ್ರವರಿ ಮಾರ್ಚಲ್ಲಿ. ಆದ್ರೆ ತೆರಿಗೆ ಬರೋದು ಯಾವಾಗ? ಏಪ್ರಿಲ್‌ನಲ್ಲಿ ರಿಯಾಯ್ತಿಗೆ ಒಂದು ದೊಡ್ಡ ಅಲೆ, ಮೇ ಜೂನಲ್ಲಿ ಸ್ವಲ್ಪ, ಜುಲೈಯಿಂದ ತಿಂಗ್ಳಿಗೆ ಶೇ. 2 ದಂಡ ಬೀಳೋಕೆ ಶುರುವಾದ್ಮೇಲೆ ಹನಿ ಹನಿ, ಅಡಿಕೆ ಮಾರಿ ಕೈಗೆ ದುಡ್ಡು ಬಂದ್ಮೇಲೆ ಇನ್ನೊಂದಷ್ಟು ಜನ. ಮಾರ್ಚ್ ಹೊತ್ತಿಗೆ ಏಪ್ರಿಲ್ ದುಡ್ಡು ಕರೆಂಟು, ಡೀಸೆಲ್ಲು, ಹೊರಗುತ್ತಿಗೆ ಸಂಬಳ ಅಂತ ಖಾಲಿ. ಅಪ್ಪನ ವರ್ಕ್ ಆರ್ಡರಲ್ಲಿ ಯಾವ ಲೆಕ್ಕಶೀರ್ಷಿಕೆ, ಅಂದ್ರೆ ಯಾವ ಬಾಬತ್ತಿನ ದುಡ್ಡು ಅಂತ ನೋಡಿ. ಅನುದಾನದ ಕಾಮಗಾರಿ ಆಗಿದ್ರೆ ಆ ಕಂತು ಬಂದಿದ್ಯಾ ಕೇಳಿ, ಸ್ವಂತ ನಿಧಿ ಆಗಿದ್ರೆ ಜ್ಯೇಷ್ಠತೆ ಪಟ್ಟಿ ಅಂದ್ರೆ ಬಿಲ್ ಬಂದ ಕ್ರಮದಲ್ಲಿ ನಮ್ದು ಎಷ್ಟನೇದು ಅಂತ ಬರವಣಿಗೆಯಲ್ಲಿ ಕೇಳಿ.

ಇದಕ್ಕೇ ನಾನು ತಿಂಗ್ಳುವಾರು ನಗದು ಹರಿವಿನ ಪಟ್ಟಿ ಮಾಡೋದಕ್ಕೆ ಅಷ್ಟು ಹಟ ಹಿಡೀತಿದ್ದೆ. ಬರೀ ಬಿಲ್ಲಿನ ವಿಷ್ಯ ಅಲ್ಲ. ಚರಂಡಿ, ರಾಜಕಾಲುವೆ ಹೂಳು ತೆಗೆಯೋದು ಮಳೆಗಿಂತ ಮುಂಚೆ ಆಗ್ಬೇಕು, ಮೇ ತಿಂಗ್ಳು ದಾಟಿದ್ರೆ ಆ ದುಡ್ಡಿದ್ರೂ ಒಂದೇ ಇಲ್ದಿದ್ರೂ ಒಂದೇ. 2019ರ ಆಗಸ್ಟಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿದ್ದು ಎಲ್ರಿಗೂ ನೆನಪಿದೆ. ಹೊಳೆ ಉಕ್ಕೋದನ್ನ ಲೆಕ್ಕ ಶಾಖೆ ತಡೆಯೋಕಾಗಲ್ಲ, ಆದ್ರೆ ಹೂಳಿನ ದುಡ್ಡನ್ನ ಮಾರ್ಚಲ್ಲೇ ಎತ್ತಿಡೋದು ನಮ್ ಕೈಲಿದೆ.

ಬೆಂಗ್ಳೂರು (ಊರು ಹೊಸನಗರ): ನಾನು ಸಾಫ್ಟ್‌ವೇರಲ್ಲಿ ಡೇಟಾ ಕೆಲ್ಸ ಮಾಡ್ತೀನಿ, ವಾಪಸ್ ಊರ್ಕಡೆ ಬರೋ ಆಸೆ. ಪಾಲಿಕೇಲಿ ನನ್ನಂಥವ್ನಿಗೆ ಎಂತ ಕೆಲ್ಸ ಇದೆ?

ಮೇಡಂ: ಬಾ ತಮ್ಮ, ಬೆಟ್ಟದಷ್ಟಿದೆ. ಡಿಸಿಬಿ ಅಂತ ಕೇಳಿದೀಯಾ, ಬೇಡಿಕೆ ವಸೂಲಿ ಬಾಕಿ ಪಟ್ಟಿ. ಎಲ್ರೂ ವಸೂಲಿ ಶೇಕಡಾ ನೋಡ್ತಾರೆ, 8 ಕೋಟಿ ಬೇಡಿಕೆ 6 ಕೋಟಿ ವಸೂಲಿ ಶೇ. 75 ಪರ್ವಾಗಿಲ್ಲ ಅಂತಾರೆ. ಆ 8 ಕೋಟಿನೇ ಸರಿ ಇದ್ಯಾ ಅಂತ ಯಾರೂ ಕೇಳಲ್ಲ. ರಿಜಿಸ್ಟರಲ್ಲಿ ಇನ್ನೂ ಖಾಲಿ ಸೈಟು, ಅಲ್ಲಿ ಹೋಗಿ ನೋಡಿದ್ರೆ ಮೂರಂತಸ್ತು, ಕೆಳಗೆ ಅಂಗಡಿ. ನಾವು ಒಂದ್ಸಲ ಒಂದೇ ಒಂದು ವಾರ್ಡಿಗೆ ಮೆಸ್ಕಾಂ ಕರೆಂಟ್ ಕನೆಕ್ಷನ್ ಪಟ್ಟಿ ಪಕ್ಕದಲ್ಲಿಟ್ಕೊಂಡು ತೆರಿಗೆ ಪಟ್ಟಿ ತಾಳೆ ನೋಡಿದ್ವಿ, ಕೈಯಲ್ಲೇ, ಬಿಲ್ ಕಲೆಕ್ಟರೂ ನಾನೂ ಕೂತು. ವಾಣಿಜ್ಯ ಮೀಟರ್ ಇದ್ದೂ ವಾಸದ ಮನೆ ಅಂತ ತೆರಿಗೆ ಕಟ್ತಿದ್ದ ಆಸ್ತಿಗಳು ಒಂದಾದ್ಮೇಲೊಂದು ಸಿಕ್ವು. ಶಿವಮೊಗ್ಗದಲ್ಲಿ 35 ವಾರ್ಡಿದೆ. ನಿನ್ನಂಥವ್ನು ಕೂತ್ರೆ ಅಷ್ಟಕ್ಕೂ ಒಂದು ವಾರದಲ್ಲಿ ಆಗೋ ಕೆಲ್ಸ, ಬಡವರ ಮೇಲೆ ದರ ಏರ್ಸದೇ ಆದಾಯ ಜಾಸ್ತಿ ಮಾಡೋ ದಾರಿ ಇದೊಂದೇ ಅಂತ ನನ್ ನಂಬ್ಕೆ.

ಸೇರೋದು ಹೆಂಗೆ ಅಂದ್ರೆ ಕೆಪಿಎಸ್‌ಸಿ ರಾಜ್ಯ ಲೆಕ್ಕಪರಿಶೋಧನೆ ಮತ್ತು ಲೆಕ್ಕಪತ್ರ ಇಲಾಖೆಗೆ ಸಹಾಯಕ ನಿಯಂತ್ರಕರು ಗ್ರೂಪ್ ಎ, ಲೆಕ್ಕಪರಿಶೋಧನಾಧಿಕಾರಿ ಗ್ರೂಪ್ ಬಿ ಕರೀತಾರೆ, ಆ ಇಲಾಖೆಯಿಂದ ನಿಯೋಜನೆ ಮೇಲೆ ಸ್ಥಳೀಯ ಸಂಸ್ಥೆಗಳಿಗೆ ಬರ್ತಾರೆ. ವಿದ್ಯಾರ್ಹತೆ ಅಧಿಸೂಚನೇಲಿ ನೋಡ್ಕೋ. ಎಫ್‌ಡಿಎ ಬರೆದು ಬಂದು ಮೇಲೇರಿದವ್ರೂ ಇದಾರೆ. ಏನೇ ಓದಿದ್ರೂ 2006ರ ಪೌರಸಂಸ್ಥೆಗಳ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳು, 1976ರ ಪಾಲಿಕೆಗಳ ಕಾಯ್ದೆ, 1999ರ ಟೆಂಡರ್ ಪಾರದರ್ಶಕತೆ ಕಾಯ್ದೆ ಈ ಮೂರು ಓದ್ಕೊಂಡೇ ಬಾ.

ಶಿವಮೊಗ್ಗ, ವಿನೋಬನಗರ: ಸ್ಮಾರ್ಟ್ ಸಿಟೀಲಿ ಅಷ್ಟೊಂದು ಆಯ್ತಲ್ಲ, ಅದ್ರ ಮುಂದಿನ ಲೆಕ್ಕ ಯಾರು ನೋಡ್ತಾರೆ? ಹಂಗೇ ಪಾಲಿಕೆ ಬಾಂಡ್ ತರಬಹುದಾ

ಮೇಡಂ: ಶಿವಮೊಗ್ಗ ಆಯ್ಕೆ ಆಗಿದ್ದು 2016ರ ಸೆಪ್ಟೆಂಬರಲ್ಲಿ, ಯೋಜನೆ ಲೆಕ್ಕ ಕೇಂದ್ರದ್ದು 500 ಕೋಟಿ, ರಾಜ್ಯದ್ದೂ ಅಷ್ಟೇ. ಅದು ಕಟ್ಟೋಕೆ. ನಡ್ಸೋಕೆ ಪಾಲಿಕೆನೇ. ಯಾವುದೇ ಊರಲ್ಲಾಗ್ಲಿ ಅಂದಾಜಿಗೆ ಒಂದು ಪಾರ್ಕ್ ತಗೊಳ್ಳಿ, 60 ಲಕ್ಷ ಅನುದಾನದಲ್ಲಿ ಆಯ್ತು ಅಂತ ಇಟ್ಕೊಳ್ಳಿ. ಮಾಲಿ, ವಾಚ್‌ಮನ್ ಇಬ್ರಿಗೂ ಸೇರಿ ತಿಂಗ್ಳಿಗೆ 45 ಸಾವ್ರ, ಕರೆಂಟು 12 ಸಾವ್ರ, ರಿಪೇರಿ 8 ಸಾವ್ರ, ಒಟ್ಟು 65 ಸಾವ್ರ. ವರ್ಷಕ್ಕೆ 7.8 ಲಕ್ಷ. 8 ವರ್ಷಕ್ಕೆ 62.4 ಲಕ್ಷ, ಕಟ್ಟಿದ್ದಕ್ಕಿಂತ ಜಾಸ್ತಿ ಆಯ್ತು. ಈ ಹಾಳೆ ಅಂದಾಜುಪಟ್ಟಿ ಜೊತೆ ಲಗತ್ತಿಸ್ದೆ ಯಾವ ಫೈಲೂ ಮುಂದೆ ಹೋಗ್ಬಾರ್ದು. ಇಲ್ದಿದ್ರೆ ಮೂರನೇ ವರ್ಷಕ್ಕೆ ಲೈಟ್ ಆರತ್ತೆ, ಐದನೇ ವರ್ಷಕ್ಕೆ ಗೇಟಿಗೆ ಬೀಗ, ಸಂಜೆ ಮಕ್ಕಳು ರಸ್ತೇಲಿ ಆಡ್ತಾರೆ.

ಬಾಂಡ್ ಅಂದ್ರೆ ಹೂಡಿಕೆದಾರರಿಂದ ಪಾಲಿಕೆ ಎತ್ತೋ ಸಾಲ. ಅದಕ್ಕೆ ಕಾನೂನಿದೆ, ಬೆಂಗ್ಳೂರು 1997ರಲ್ಲೇ 125 ಕೋಟಿಗೆ ತಂದಿತ್ತು. ಸಾಲ ತೀರ್ಸೋ ಶಕ್ತಿ ಅಳೆಯೋ ರೇಟಿಂಗ್‌ನವ್ರು ನೋಡೋದು ನಿಮ್ ಸ್ವಂತ ಆದಾಯ ಎಷ್ಟು ಅಂತ. ಮೊದ್ಲು ಡಿಸಿಬಿ ಸರಿ ಆಗ್ಲಿ.

ಸೊರಬ: ಮೇಡಂ ದುಡ್ಡಿಲ್ಲ ಅಂತ ಗೊತ್ತಿದ್ರೂ ಮೇಲಿನವ್ರು ಬಿಲ್ ಪಾಸ್ ಮಾಡಿ ಅಂದ್ರೆ ನಿಮ್ಮಂಥವ್ರು ಎಂತ ಮಾಡ್ತಿದ್ರಿ? ನಾನೂ ಇದೇ ಲೈನಲ್ಲಿದೀನಿ, ರಾತ್ರಿ ನಿದ್ದೆ ಬರಲ್ಲ.

ಮೇಡಂ: ಇದನ್ನ ಕೇಳಿದ್ದು ಒಳ್ಳೇದಾಯ್ತು ಮಗಾ. ಬಾಯಲ್ಲಿ ಜಗಳ ಆಡ್ಬೇಡ, ಟಿಪ್ಪಣಿ ಹಾಳೇಲಿ ಬರಿ. ಆಗಲ್ಲ ಅಂತ ಬರೀಬೇಡ. ಇಂಥ ತಾರೀಕಿಗೆ ಈ ಶೀರ್ಷಿಕೇಲಿ ಇಷ್ಟು ಲಭ್ಯ, ಇಷ್ಟು ಬಾಕಿ ಹೊಣೆಗಾರಿಕೆ, ಈ ಬಿಲ್ ಪಾವತಿಸಿದ್ರೆ ಇಂಥ ತಿಂಗ್ಳ ಹೊರಗುತ್ತಿಗೆ ವೇತನಕ್ಕೆ ಇಷ್ಟು ಕೊರತೆ ಬೀಳತ್ತೆ, ಆದೇಶಕ್ಕಾಗಿ ಮಂಡಿಸಿದೆ. ಅಷ್ಟೆ. ನನ್ ಸರ್ವಿಸ್ಸಲ್ಲಿ ಆ ಥರ ಬರೆದ ಫೈಲುಗಳಲ್ಲಿ ಅರ್ಧಕ್ಕರ್ಧ ಹಂಗೇ ವಾಪಸ್ ಬಂದು ನಿಂತ್ವು, ಯಾಕಂದ್ರೆ ಕೊರತೆ ಯಾರ ಮನೆ ಮೇಲೆ ಬೀಳತ್ತೆ ಅಂತ ಕಣ್ಣಿಗೆ ಕಂಡ್ರೆ ಯಾರಿಗೂ ಸಹಿ ಹಾಕೋಕೆ ಮನಸ್ಸು ಬರಲ್ಲ. ಉಳಿದರ್ಧಕ್ಕೆ ಆದೇಶ ಆಯ್ತು, ಪಾವತಿ ಮಾಡ್ದೆ, ವರ್ಷಗಳಾದ್ಮೇಲೆ ಆಡಿಟಲ್ಲಿ ಕೇಳಿದಾಗ ಆ ಟಿಪ್ಪಣಿನೇ ನನ್ನ ಕಾದಿದ್ದು. ನಿಯಮಕ್ಕೆ ವಿರುದ್ಧ ಇರೋದಕ್ಕೆ ಮಾತ್ರ ಯಾವ ಕಾರಣಕ್ಕೂ ಸಹಿ ಬೇಡ, ವರ್ಗ ಮಾಡಿದ್ರೆ ಹೋಗು, ನಾನೂ ಹೋಗಿದೀನಿ. ನಿದ್ದೆ ವಿಷ್ಯಕ್ಕೆ ಪರ್ಸನಲ್ಲಾಗಿ ಮೆಸೇಜ್ ಮಾಡು, ಮಾತಾಡೋಣ.

ಸಾಗರ: ಮೇಡಂ ಇದೆಲ್ಲ ಓದ್ತಾ ಓದ್ತಾ ಒಂದು ಊರಿನ ಬಜೆಟ್ ಪಿಡಿಎಫ್ ಡೌನ್‌ಲೋಡ್ ಮಾಡ್ದೆ. ಮೊದಲ ಪುಟದಲ್ಲೇ ಉಳಿತಾಯ ಬಜೆಟ್ ಅಂತಿದೆ. ಸ್ವೀಕೃತಿ ಅಂದ್ರೆ ಬರೋ ದುಡ್ಡಲ್ಲಿ ರಾಜಸ್ವ (ದಿನನಿತ್ಯದ್ದು), ಬಂಡವಾಳ (ಆಸ್ತಿ ಕಟ್ಟೋದಕ್ಕೆ ಬರೋದು), ಅಸಾಧಾರಣ ಅಂತ ಮೂರು ಭಾಗ. ಅಸಾಧಾರಣ ಅಂದ್ರೆ ಎಂತ? ಅದ್ರಲ್ಲಿ ಠೇವಣಿ, ಸೆಸ್ ಎಲ್ಲಾ ಇದೆ.

ಮೇಡಂ: ಸರಿಯಾದ ಕಡೆ ಕೈ ಇಟ್ಟಿದೀಯ ನೋಡು. ಬಂದು ಹಂಗೇ ಹೋಗೋ ದುಡ್ಡು ಅದು. ಈಗ ಒಂದು ಕೆಲ್ಸ ಮಾಡು, ಅಸಾಧಾರಣದ ಎರಡೂ ಕಡೆ ಬಿಡು, ಆರಂಭ ಶಿಲ್ಕನ್ನೂ ಬಿಡು. ಬರೀ ರಾಜಸ್ವ ಸ್ವೀಕೃತಿ ಒಂದ್ಕಡೆ, ರಾಜಸ್ವ ಪಾವತಿ ಇನ್ನೊಂದ್ಕಡೆ ಇಟ್ಟು ಕಳಿ. ಆಮೇಲೆ ರಾಜಸ್ವ ಸ್ವೀಕೃತೀಲಿ ಸರ್ಕಾರದ ಅನುದಾನ ತೆಗ್ದು ಇನ್ನೊಂದ್ಸಲ ಕಳಿ. ಎರಡೂ ನಂಬರ್ ಇಲ್ಲೇ ಹಾಕು, ರಾತ್ರಿ ಊಟ ಆದ್ಮೇಲೆ ನೋಡ್ತೀನಿ.